ಕೋಲ್ಕತ್ತದ ಟ್ರಾಮು: ಇತಿಹಾಸ ಸಾಕು, ದಿನಚರಿ ಹೇಳಿ

ಶ್ಯಾಮಬಜಾರ್ ಸುಬ್ಬಣ್ಣ

ಕೋಲ್ಕತ್ತದ ಟ್ರಾಮಿನ ಬಗ್ಗೆ ಕನ್ನಡದಲ್ಲಿ ಓದಲು ಕೂತರೆ ಎರಡೇ ಥರದ ಬರಹ ಸಿಗುತ್ತವೆ. ಒಂದು 1873ರಿಂದ ಶುರುಮಾಡಿ ಇಸವಿಗಳನ್ನು ಒಪ್ಪಿಸುವುದು. ಇನ್ನೊಂದು, ಮುಚ್ಚಿಹೋಗುತ್ತಿದೆ ಅಂತ ಬದುಕಿರುವಾಗಲೇ ಶ್ರದ್ಧಾಂಜಲಿ. ಈ ಎಳೆಯಲ್ಲಿ ಎರಡೂ ಬೇಡ ಅಂತ ನನ್ನ ಕೋರಿಕೆ. ಆ ಊರಲ್ಲಿ ನೌಕರಿ ಮಾಡಿದವರು, ಓದಿದವರು, ಮಗಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಟ್ರಾಮು ದಿನಾ ಏನು ಮಾಡುತ್ತಿತ್ತು, ಯಾರನ್ನು ಹತ್ತಿಸಿಕೊಳ್ಳುತ್ತಿತ್ತು, ಅದರೊಳಗೆ ಕೂತು ಏನು ಕಾಣುತ್ತಿತ್ತು, ಅದನ್ನು ಬರೆಯಿರಿ.

ನಾನೇ ಶುರು ಮಾಡುತ್ತೇನೆ. ನನ್ನದು 5ನೇ ನಂಬರು, ಶ್ಯಾಮಬಜಾರದಿಂದ ಎಸ್ಪ್ಲನೇಡ್. ಹಾತಿಬಾಗಾನ್, ಬಿಧಾನ್ ಸರಣಿ, ಕಾಲೇಜ್ ಸ್ಟ್ರೀಟ್, ಆಮೇಲೆ ಲೆನಿನ್ ಸರಣಿ ಹಿಡಿದು ಧರ್ಮತಲಾ. (ಎಸ್ಪ್ಲನೇಡ್ ಅನ್ನುವುದು ಬೋರ್ಡಿನಲ್ಲಿ. ಜನರ ಬಾಯಲ್ಲಿ ಧರ್ಮತಲಾ.) ಬೆಳಿಗ್ಗೆ ಏಳರ ಟ್ರಾಮಿಗೂ ಹತ್ತರ ಟ್ರಾಮಿಗೂ ಸಂಬಂಧವೇ ಇಲ್ಲ. ಏಳಕ್ಕೆ ಹತ್ತುವವರು ಕೈಚೀಲದವರು. ಬಜಾರು ಮುಗಿಸಿ ಮೀನು, ಸೊಪ್ಪು ಹಿಡಿದು ಮನೆಗೆ ಹೊರಟ ನಿವೃತ್ತರು. ಚೀಲ ಕಾಲಸಂದಿಯಲ್ಲಿ, ಪತ್ರಿಕೆ ತೊಡೆಯ ಮೇಲೆ, ಪಕ್ಕದವನ ಜೊತೆ ಹಿಂದಿನ ಸಂಜೆಯ ಫುಟ್‌ಬಾಲ್ ಆಟದ ವಿಚಾರಣೆ. ಅವರು ಇಳಿಯುವ ಹೊತ್ತಿಗೆ ಶಾಲೆಯ ಮಕ್ಕಳು ತುಂಬಿಕೊಳ್ಳುತ್ತಾರೆ. ಹತ್ತಕ್ಕೆ ಕಚೇರಿಯವರು, ಅದರಲ್ಲೂ ಅವಸರವಿಲ್ಲದ ಕಚೇರಿಯವರು. ತಡವಾದವನು ಬಸ್ಸಿಗೆ ಓಡುತ್ತಾನೆ. ಟ್ರಾಮಿಗೆ ಕಾಯುತ್ತ ನಿಂತವನನ್ನು ನೋಡಿದರೆ ಸಾಕು, ಇವನ ಮೇಲಧಿಕಾರಿ ಒಳ್ಳೆಯವನು ಅಂತ ತಿಳಿಯುತ್ತಿತ್ತು.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಾಡಿ ಖಾಲಿ. ಗೋಡೆಗೆ ಒರಗಿಸಿದ ಉದ್ದ ಬೆಂಚಿನ ಮೇಲೆ ಒಬ್ಬಿಬ್ಬರು ನಿದ್ದೆ ಹೊಡೆಯುತ್ತಿರುತ್ತಾರೆ. ಕಂಡಕ್ಟರು ಎಬ್ಬಿಸುವುದಿಲ್ಲ. ಕೊನೇ ನಿಲ್ದಾಣ ಬಂದಾಗ ಮಾತ್ರ ಟಿಕೆಟ್ ಕಟ್ಟಿನ ಅಂಚನ್ನು ಹೆಬ್ಬೆರಳಿಂದ ಅವರ ಕಿವಿಯ ಹತ್ತಿರ ಪರ್ರ್ ಅನ್ನಿಸುತ್ತಾನೆ. ಆ ಸದ್ದಿಗೆ ಎಂಥ ನಿದ್ದೆಯಾದರೂ ಮುರಿಯುತ್ತಿತ್ತು.

ಇನ್ನು ನೀವು.

ಮೋಟಾರ್ ಮಾಲತಿ

ಸುಬ್ಬಣ್ಣನವರೇ, ನೀವು ಒಳಗೆ ಕೂತವರನ್ನು ನೋಡಿದಿರಿ. ನಾನು ಯಾವಾಗಲೂ ಮುಂದೆ ಹೋಗಿ ಡ್ರೈವರ್ ಬೆನ್ನ ಹಿಂದೆ ನಿಲ್ಲುತ್ತಿದ್ದವಳು. ವಿದ್ಯುತ್ ಯಂತ್ರಗಳೇ ನನ್ನ ಹೊಟ್ಟೆಪಾಡು, ಅದಕ್ಕೆ ಈ ಚಟ.

ಅಲ್ಲಿ ಸ್ಟೀರಿಂಗ್ ಇಲ್ಲ. ಎಡಗೈಗೆ ಮೋಟಾರಿನ ಕರೆಂಟು ಹೆಚ್ಚುಕಡಿಮೆ ಮಾಡುವ ಕಂಟ್ರೋಲರ್‌ನ ಹಿತ್ತಾಳೆ ಹಿಡಿ, ಇನ್ನೊಂದು ಕೈಗೆ ಬ್ರೇಕು, ಕಾಲ ಕೆಳಗೆ ಗಂಟೆ. ಹಿಡಿಯನ್ನು ಒಂದೊಂದೇ ಮೆಟ್ಟಿಲು ತಿರುಗಿಸುತ್ತಾ ಹೋಗಬೇಕು. ಮೊದಲ ಮೆಟ್ಟಿಲುಗಳಲ್ಲಿ ಮೋಟಾರುಗಳು ಸಾಲಾಗಿ ಒಂದರ ಹಿಂದೊಂದು ಕಟ್ಟಿಕೊಂಡಿರುತ್ತವೆ, ಜೊತೆಗೆ ಕರೆಂಟು ತಡೆಯುವ ರೆಸಿಸ್ಟೆನ್ಸ್ ಸುರುಳಿಗಳು. ಒಂದೊಂದು ಮೆಟ್ಟಿಲಿಗೂ ಒಂದಿಷ್ಟು ಸುರುಳಿ ಕಳಚುತ್ತದೆ. ವೇಗ ಬಂದ ಮೇಲೆ ಮೋಟಾರುಗಳನ್ನು ಅಕ್ಕಪಕ್ಕ ಜೋಡಿಸಿದಂತೆ ಆಗಿ ಪೂರ್ತಿ ವೋಲ್ಟೇಜು ಒಂದೊಂದಕ್ಕೂ ಸಿಗುತ್ತದೆ. ತಲೆಯ ಮೇಲಿನ ತಂತಿಯಲ್ಲಿ 550 ವೋಲ್ಟು ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಅದು ಗಾಡಿಯ ಸೂರಿನಿಂದ ತಂತಿಗೆ ಚಾಚಿದ ಟ್ರಾಲಿ ಕಂಬದಿಂದ ಇಳಿದು, ಮೋಟಾರು ದಾಟಿ, ಚಕ್ರದ ಮೂಲಕ ಹಳಿ ಸೇರಿ ಮರಳುತ್ತದೆ. ಅದಕ್ಕೇ ಒಂದೇ ತಂತಿ ಸಾಕು.

ಡಿ.ಸಿ. ಸೀರೀಸ್ ಮೋಟಾರು ಭಾರದ ಗಾಡಿಗೆ ಹೂಡಿದ ಎತ್ತಿನ ಹಾಗೆ, ನಿಂತಲ್ಲಿಂದ ಕದಲಿಸುವಾಗಲೇ ಅದರ ಪೂರ್ತಿ ಬಲ. ಆ ಬಲವನ್ನು ಪ್ರಯಾಣಿಕನ ಮೈಗೆ ತಾಗದಂತೆ ಬಿಡುವುದು ಡ್ರೈವರ್ ಕೈಯ ಕೆಲಸ. ಒಳ್ಳೆಯ ಕೈಯವರು ಹೊರಡಿಸಿದರೆ ನಿಂತಿದ್ದ ಮುದುಕಿ ಕಂಬ ಹಿಡಿಯಬೇಕಾಗಿರಲಿಲ್ಲ. ಹೊಸಬ ಮೆಟ್ಟಿಲು ಹಾರಿಸಿದರೆ ಇಡೀ ಗಾಡಿಗೆ ಗೊತ್ತಾಗುತ್ತಿತ್ತು, ಹಿಂದಿನಿಂದ ಬೈಗುಳವೂ ಬರುತ್ತಿತ್ತು.

ದಾರಿ ಕವಲೊಡೆಯುವ ಕಡೆ ಕಬ್ಬಿಣದ ಸಲಾಕೆ ಹಿಡಿದು ಇಳಿದು ಹಳಿಯ ನಾಲಗೆಯನ್ನು ಬೇಕಾದ ಕಡೆಗೆ ಸರಿಸಬೇಕು. ಟ್ರಾಲಿ ಕಂಬ ತಂತಿಯಿಂದ ಜಾರಿದರೆ ಕಂಡಕ್ಟರು ಹಾರಿ ಇಳಿದು ಹಿಂದಿನ ಹಗ್ಗ ಎಳೆದು ಮತ್ತೆ ಕೂರಿಸುತ್ತಾನೆ. ತಲೆ ಎತ್ತಿ, ಕಣ್ಣು ಕಿರಿದು ಮಾಡಿ, ಬಿಸಿಲಲ್ಲಿ. ಒಂದೇ ಸಲಕ್ಕೆ ಕೂತರೆ ಒಳಗಿದ್ದವರಿಗೆ ಅದು ಗೊತ್ತೇ ಆಗುವುದಿಲ್ಲ, ಫ್ಯಾನು ನಿಂತು ಮತ್ತೆ ತಿರುಗಿತು ಅಷ್ಟೆ.

ಕಲ್ಕತ್ತಾ ಕಾಕಾ

ಮಾಲತಿ ಅವ್ರ, ಫ್ಯಾನಿನ ಮಾತು ತಗದ್ರಿ, ಅದಕ್ಕ ಹೇಳತೇನಿ. ನಮ್ಮ ಕಾಲದಾಗ ಮುಂದಿನ ಡಬ್ಬಿ ಫಸ್ಟ್ ಕ್ಲಾಸು, ಹಿಂದಿನ ಡಬ್ಬಿ ಸೆಕೆಂಡ್ ಕ್ಲಾಸು. ಏನ್ ಫರಕು ಅಂದ್ರ ಮುಂದ ಫ್ಯಾನ್ ಇತ್ತು, ಹಿಂದ ಇರಲಿಲ್ಲ. ಟಿಕೆಟಿನಾಗ ಕೆಲವು ಪೈಸೆ ಹೆಚ್ಚುಕಡಿಮಿ. ತಿಂಗಳಾ ಮೊದಲ ವಾರ ನಾವು ಫ್ಯಾನಿನ ಕೆಳಗ ಕೂಡವ್ರು, ಕಡೀ ವಾರ ಹಿಂದಿನ ಡಬ್ಬಿ. ಯಾರಿಗೆ ಪಗಾರ ಆಗ್ಯದ, ಯಾರದು ಮುಗದದ, ಎಲ್ಲಾ ಅಲ್ಲೇ ಕಾಣತಿತ್ತು. ಖರೇ ಹೇಳಬೇಕಂದ್ರ ಹಿಂದಿನ ಡಬ್ಬಿನ ಛಲೋ ಇತ್ರಿ. ಹಾಡು, ಜಗಳ, ರಾಜಕಾರಣ ಎಲ್ಲಾ ಅಲ್ಲೇ.

ಹೌರಾ ಸೇತುವಿ ಮ್ಯಾಲ ಟ್ರಾಮ್ ಹೋಗತಿತ್ತು, ಈಗಿನ ಹುಡುಗರಿಗೆ ಹೇಳಿದ್ರ ನಂಬಂಗಿಲ್ಲ. 1943ರಾಗ ಆ ಸೇತುವಿ ತೆರದಾಗ ಮೊದಲ ದಾಟಿದ್ದು ಒಂದ ಒಂಟಿ ಟ್ರಾಮು. 1993ಕ್ಕ ಬಂದ್ ಮಾಡಿದ್ರು. ನಾವು ಊರಿಂದ ರೈಲಿಗೆ ಬಂದು ಹೌರಾದಾಗ ಇಳದು, ಟ್ರಂಕು ಹಾಸಿಗಿ ಸುರಳಿ ಸಮೇತ ಟ್ರಾಮ್ ಹತ್ತತಿದ್ವಿ. ನಡು ಸೇತುವಿ ಮ್ಯಾಲ ಗಂಗಾ ಗಾಳಿ ಒಮ್ಮೆಲೇ ಒಳಗ ನುಗ್ಗತಿತ್ತು. ಆವಾಗ ಮುಂದಿನ ಡಬ್ಬಿಯವ್ರಿಗೂ ಹಿಂದಿನ ಡಬ್ಬಿಯವ್ರಿಗೂ ಏನೂ ಫರಕ ಇಲ್ಲ.

ರಸ್ತೆ ರಾಜಾರಾಮ

ಎಲ್ಲರೂ ಹೊಗಳ್ತಾ ಇದ್ದೀರಿ, ನಾನೊಬ್ಬ ಅಪಸ್ವರ ಹಾಕ್ತೇನೆ ಮಾರಾಯ್ರೆ, ಬೇಜಾರಾಗಬೇಡಿ.

ನಾನೂ ಅಲ್ಲಿ ಕೆಲಸ ಮಾಡಿದವನೇ. ಕೋಲ್ಕತ್ತದ ನೆಲದಲ್ಲಿ ರಸ್ತೆಗೆ ಇರುವ ಪಾಲು ಶೇಕಡ 6ರ ಆಸುಪಾಸು ಅಂತ ಅಲ್ಲಿಯ ಸರ್ಕಾರವೇ ಹೇಳ್ತದೆ. ಅದರ ನಡುವಿನಲ್ಲಿ ಟ್ರಾಮು. ಒಂದು ಕೆಟ್ಟು ನಿಂತರೆ ಹಿಂದಿನದು ಪಕ್ಕಕ್ಕೆ ಸರಿದು ಹೋಗ್ಲಿಕ್ಕೆ ಆಗ್ತದಾ? ಇಲ್ಲ. ಸಾಲಾಗಿ ನಿಲ್ತವೆ. ಹತ್ತುವವರು ಇಳಿಯುವವರು ನಡುರಸ್ತೆಯಲ್ಲಿ, ಎಡಗಡೆಯಿಂದ ಬಸ್ಸು ಸ್ಕೂಟರು ನುಗ್ತಾ ಇರ್ತವೆ. ಮಳೆಗಾಲದಲ್ಲಿ ಸ್ಕೂಟರ್ ಚಕ್ರ ಹಳಿಯ ಸಂದಿಗೆ ಸಿಕ್ಕಿದರೆ ಮುಗೀತು, ನಾನೇ ಬಿದ್ದು ಮೊಣಕಾಲು ಒಡೆಸಿಕೊಂಡವ. ನಿಮಗೆ ಕಿಟಕಿಯಲ್ಲಿ ಕೂತು ಚಂದ, ಹೊರಗೆ ಹಿಂದೆ ಸಿಕ್ಕಿಹಾಕಿಕೊಂಡ ಆಂಬುಲೆನ್ಸಿನವನಿಗೆ ಚಂದ ಉಂಟಾ?

ಮೋಟಾರ್ ಮಾಲತಿ

ರಾಜಾರಾಮರೇ, ಬೇಜಾರು ಯಾಕೆ. ನೀವು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಸ್ಥಿತಿ ಹೇಗೆ ಬಂತು ಅನ್ನುವುದು ಮುಖ್ಯ.

ಹಿಂದೆ ಎಷ್ಟೋ ರಸ್ತೆಗಳಲ್ಲಿ ಟ್ರಾಮಿಗೆ ನಡುವೆ ಬೇರೆಯೇ ಪಟ್ಟಿ ಇತ್ತು. ಎತ್ತರಿಸಿದ ಕಟ್ಟೆ, ಹುಲ್ಲು, ಅದರಲ್ಲಿ ಹಳಿ. ಬೇರೆ ಗಾಡಿ ಅದರ ಮೇಲೆ ಬರುವಂತಿರಲಿಲ್ಲ. ಹತ್ತುವವರು ಆ ಕಟ್ಟೆಯ ಮೇಲೇ ನಿಂತು ಹತ್ತುತ್ತಿದ್ದರು. ಆಮೇಲೆ ಮೋಟಾರು ವಾಹನ ಹೆಚ್ಚಿದವು ಅಂತ ಕಟ್ಟೆ ಒಡೆದು, ಹಳಿಯನ್ನು ಕಾಂಕ್ರೀಟಿನಲ್ಲಿ ಹೂತು, ಎಲ್ಲರಿಗೂ ಬಿಟ್ಟರು. ಅಂದಿನಿಂದ ಟ್ರಾಮು ಕಾರಿನ ಹಿಂದೆ ಕಾಯುತ್ತದೆ, ಕಾರಿನವನು ಟ್ರಾಮಿನ ಹಿಂದೆ ಕಾಯುತ್ತಾನೆ, ಬೈಸಿಕೊಳ್ಳುವುದು ಮಾತ್ರ ಟ್ರಾಮು. ಹಳಿ ಬಿಟ್ಟು ಸರಿಯಲಾರದ್ದಕ್ಕೆ ಜಾಗ ಬಿಡಬೇಕಾದವರು ಸರಿಯಬಲ್ಲವರಲ್ಲವೇ?

ಇನ್ನೊಂದು ವಿಚಿತ್ರ ನೋಡಿ. ಟ್ರಾಮು ಓಡಿಸುತ್ತಿದ್ದ ಕಲ್ಕತ್ತಾ ಟ್ರಾಮ್‌ವೇಸ್ ಕಂಪನಿಯೇ 1992ರಿಂದ ಬಸ್ಸು ಓಡಿಸಲು ಶುರು ಮಾಡಿತು. ಹೆಸರು ಟ್ರಾಮ್‌ವೇಸ್, ಓಡುವುದು ಬಸ್ಸು. ಆ ಅಕ್ಷರಗಳನ್ನು ಬಸ್ಸಿನ ಮೈಮೇಲೆ ಓದಿ ನಾನು ಎಷ್ಟು ಸಲ ನಕ್ಕಿದ್ದೇನೋ.

ಪುಟ ಮಡಿಸಿದವಳು

ನಾನು ಕಾಲೇಜ್ ಸ್ಟ್ರೀಟಿನ ಕಡೆಯವಳು, ಅಂದರೆ ಅಲ್ಲಿ ಓದಿದವಳು. ನಮಗೆ ಟ್ರಾಮು ಅಂದರೆ ಬೇಕಾದ ಪುಸ್ತಕ ಕಂಡ ಕೂಡಲೇ ಇಳಿಯಬಹುದಾದ ಗಾಡಿ. ಅಲ್ಲಿ ಎರಡೂ ಬದಿ ಹಳೇ ಪುಸ್ತಕದ ಅಂಗಡಿಗಳು ಫುಟ್‌ಪಾತಿಗೇ ಅಂಟಿಕೊಂಡಿವೆ. ಟ್ರಾಮು ನಡಿಗೆಯ ವೇಗದಲ್ಲಿ ಹೋಗುವುದರಿಂದ ಕಿಟಕಿಯಿಂದಲೇ ಪುಸ್ತಕದ ಬೆನ್ನು ಓದಬಹುದು. ಒಳಗಿಂದ ಕೂಗಿ ಬೆಲೆ ಕೇಳಿದ್ದೂ ಉಂಟು. ಅಂಗಡಿಯವನು ಜೊತೆಯಲ್ಲೇ ನಾಲ್ಕು ಹೆಜ್ಜೆ ನಡೆದು ಚೌಕಾಸಿ ಮುಗಿಸುತ್ತಿದ್ದ.

2020ರಲ್ಲಿ ಇದೇ ಶ್ಯಾಮಬಜಾರ್–ಎಸ್ಪ್ಲನೇಡ್ ದಾರಿಯಲ್ಲಿ ಪುಸ್ತಕದ ಕಪಾಟು ಇಟ್ಟ ಒಂದು ಗ್ರಂಥಾಲಯ ಟ್ರಾಮು ಬಿಟ್ಟರು. ಸುದ್ದಿಯಾಯಿತು, ಚೆನ್ನಾಗಿತ್ತು. ಆದರೆ ಅದಕ್ಕೂ ಮೊದಲೇ ಆ ಗಾಡಿ ತುಂಬ ಓದುವವರೇ ಇದ್ದರು ಅನ್ನುವುದು ನನ್ನ ಚಿಕ್ಕ ತಕರಾರು.

ಮಳೆಗಾಲದ ಬಗ್ಗೆ ಯಾರೂ ಹೇಳಲಿಲ್ಲ. ಠನ್‌ಠನಿಯಾ ಕಾಳಿ ಗುಡಿಯ ಹತ್ತಿರ ಒಂದು ಗಂಟೆ ಜೋರು ಮಳೆ ಸುರಿದರೆ ಸೊಂಟದ ತನಕ ನೀರು. ಟ್ರಾಮಿನ ಮೋಟಾರು ಇರುವುದು ನೆಲದ ಕೆಳಗೆ, ಚಕ್ರದ ಪಕ್ಕ. ನೀರು ಅಲ್ಲಿಯವರೆಗೆ ಏರಿದರೆ ಮುಂದೆ ಹೋಗುವಂತಿಲ್ಲ. ಗಾಡಿ ಇದ್ದಲ್ಲೇ ನಿಲ್ಲುತ್ತದೆ, ನೀರು ಇಳಿಯುವ ತನಕ. ಇಳಿದು ನಡೆಯುವವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಉಳಿದವರು ಬೆಂಚಿನ ಮೇಲೆ ಕಾಲು ಮಡಿಸಿ ಕೂತು ಕಡಲೆಕಾಯಿ ಬಿಡಿಸುತ್ತಾರೆ. ಪರೀಕ್ಷೆಗೆ ನಾನು ಒಂದು ಇಡೀ ಅಧ್ಯಾಯ ಓದಿ ಮುಗಿಸಿದ್ದು ಹಾಗೆ ನಿಂತ ಟ್ರಾಮಿನಲ್ಲಿ. ಆ ಅಧ್ಯಾಯದಿಂದ ಪ್ರಶ್ನೆ ಬರಲಿಲ್ಲ, ಅದು ಬೇರೆ ಮಾತು.

ಟ್ರಾಮಿಗೂ ಬಂಗಾಳಿ ಸಾಹಿತ್ಯಕ್ಕೂ ಒಂದು ಕಹಿ ನಂಟೂ ಇದೆ. ಕವಿ ಜೀವನಾನಂದ ದಾಸ್ 1954ರ ಅಕ್ಟೋಬರ್ 14ರ ಸಂಜೆ ದೇಶಪ್ರಿಯ ಪಾರ್ಕಿನ ಹತ್ತಿರ ಟ್ರಾಮಿಗೆ ಸಿಕ್ಕರು. ಎಂಟು ದಿನದ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಷ್ಟು ನಿಧಾನದ ಗಾಡಿಗೆ ಹೇಗೆ ಸಿಕ್ಕರು ಅಂತ ಅಲ್ಲಿನವರು ಇವತ್ತಿಗೂ ವಾದ ಮಾಡುತ್ತಾರೆ. ನನ್ನ ಸಹಪಾಠಿಯೊಬ್ಬಳು ಅದೇ ಕಡೆಯ ರಾಸ್‌ಬಿಹಾರಿ ರಸ್ತೆಯಲ್ಲಿ ಹಳಿ ದಾಟುವಾಗ ಪ್ರತಿಸಲವೂ ನನ್ನ ತೋಳು ಹಿಡಿಯುತ್ತಿದ್ದಳು. ಯಾಕೆ ಅಂತ ಕೇಳಿದ್ದಕ್ಕೆ ಅವರ ಹೆಸರಷ್ಟೇ ಹೇಳಿದಳು.

ಕಲ್ಕತ್ತಾ ಕಾಕಾ

ಟ್ರಾಮ್ ಅಂದ್ರ ಬರೀ ನಿದ್ದಿ, ಪುಸ್ತಕ ಅಂತ ತಿಳಕೋಬ್ಯಾಡ್ರಿ ತಂಗಿ. 1953ರ ಜುಲೈದಾಗ ಕಂಪನಿ ಸೆಕೆಂಡ್ ಕ್ಲಾಸ್ ದರ ಒಂದ ಪೈಸೆ ಏರಿಸ್ತು. ಆಗ ಕಂಪನಿ ಇನ್ನೂ ಇಂಗ್ಲಿಷರ ಕೈಯಾಗ, ಲಂಡನ್ನಿನಾಗ ನೋಂದಾಯಿಸಿದ್ದು. ಪೈಸೆ ಅಂದ್ರ ಆಗ ರೂಪಾಯಿದಾಗ 64ನೇ ಪಾಲು. ಅಷ್ಟಕ್ಕ ಊರಿಗೆ ಊರ ಎದ್ದು ನಿಂತಿತು. ಜನ ಹಳೇ ದರಾನ ಕೊಟ್ಟು ಕೂತ್ರು, ಆಮ್ಯಾಲ ಹತ್ತೋದ ಬಿಟ್ರು. ಟ್ರಾಮಿಗೆ ಬೆಂಕಿ ಬಿತ್ತು, ಗೋಲಿಬಾರ್ ಆತು. ಕಡೀಕ ಏರಿಕೆ ತಡೀಬೇಕಾತು. ನಾನಾಗ ಹುಟ್ಟಿರಲಿಲ್ಲ, ನಮ್ಮ ಆಫೀಸಿನ ಹಿರೇ ಕಾರಕೂನ್ರು ಹೇಳತಿದ್ರು. ಹೇಳುವಾಗ ಅವ್ರ ದನಿ ಏರತಿತ್ತು.

ಯಾಕ ಹೇಳಿದೆ ಅಂದ್ರ, ಆ ಒಂದ ಪೈಸೆಕ್ಕ ಬಡಿದಾಡಿದವ್ರಿಗೆ ಟ್ರಾಮು ಪರಂಪರೆ ಗಿರಂಪರೆ ಏನೂ ಅಲ್ಲ. ಕೆಲಸಕ್ಕ ಹೋಗೋ ದಾರಿ.

ಅಂಕಿಸಂಖ್ಯೆ

ಬರೀ ಓದುಗ ನಾನು, ಎರಡು ವಿಷಯ ನೇರ ಮಾಡಿ ಹೋಗುತ್ತೇನೆ.

'ಏಷ್ಯಾದ ಮೊದಲ ವಿದ್ಯುತ್ ಟ್ರಾಮು ಕೋಲ್ಕತ್ತದ್ದು, 1902' ಅಂತ ಎಲ್ಲೆಡೆ ಬರೆಯುತ್ತಾರೆ. 1902ರ ಮಾರ್ಚ್ 27ರಂದು ಎಸ್ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ ವಿದ್ಯುತ್ ಟ್ರಾಮು ಓಡಿದ್ದು ನಿಜ. ಆದರೆ ಮದ್ರಾಸಿನಲ್ಲಿ 1895ರಲ್ಲೇ ವಿದ್ಯುತ್ ಟ್ರಾಮು ಓಡಿತ್ತು, ಜಪಾನಿನ ಕ್ಯೋಟೋದಲ್ಲೂ ಅದೇ ವರ್ಷ. ಮದ್ರಾಸಿನದು 1953ರಲ್ಲಿ ನಿಂತಿತು, ಮುಂಬೈಯದು 1964ರಲ್ಲಿ, ದೆಹಲಿ ಕಾನ್ಪುರದವು ಅದಕ್ಕೂ ಮುಂಚೆ. ಕೋಲ್ಕತ್ತದ ಹೆಚ್ಚುಗಾರಿಕೆ ಮೊದಲು ಬಂದದ್ದರಲ್ಲಿಲ್ಲ, ಉಳಿದವು ಹೋದ ಮೇಲೂ ಇದ್ದದ್ದರಲ್ಲಿದೆ.

ಎರಡನೆಯದು, '150 ವರ್ಷದ ಟ್ರಾಮು' ಅಂದರೆ ಗಾಡಿಗೆ ಅಷ್ಟು ವಯಸ್ಸಲ್ಲ. 1873ರ ಫೆಬ್ರವರಿ 24ರಂದು ಸಿಯಾಲ್ದಾದಿಂದ ಅರ್ಮೇನಿಯನ್ ಘಾಟಿಗೆ ಕುದುರೆ ಎಳೆದದ್ದು ಮೊದಲ ಸೇವೆ. ಜನ ಬರಲಿಲ್ಲ ಅಂತ ಅದೇ ನವೆಂಬರ್‌ನಲ್ಲಿ ನಿಂತೂ ಹೋಯಿತು. ಮತ್ತೆ ಗಟ್ಟಿಯಾಗಿ ಶುರುವಾದದ್ದು 1880ರಲ್ಲಿ. ಈಗ ರಸ್ತೆಯಲ್ಲಿ ಕಾಣುವ ಗಾಡಿಗಳಲ್ಲಿ ಹೆಚ್ಚಿನವು 1980ರ ದಶಕದಲ್ಲೋ ಅದರ ಈಚೆಗೋ ಬಂದವು, ಇಲ್ಲವೇ ನೋನಾಪುಕುರ ವರ್ಕ್‌ಶಾಪಿನಲ್ಲಿ ಹೊಸ ಮೈ ಕಟ್ಟಿಸಿಕೊಂಡವು.

ಮೋಟಾರ್ ಮಾಲತಿ

ನೋನಾಪುಕುರದ ಹೆಸರು ಬಂತಲ್ಲ, ಥ್ಯಾಂಕ್ಸ್. ಈ ಎಳೆಯಲ್ಲಿ ಹಬ್ಬ ಮಾಡಬೇಕಾದ್ದು ಏನಾದರೂ ಇದ್ದರೆ ಅದು ಆ ವರ್ಕ್‌ಶಾಪು. ಇಂಥ ಹಳೇ ಕಂಟ್ರೋಲರಿಗೆ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸವೆದ ತಾಮ್ರದ ತುಂಡನ್ನು ಅಳೆದು ಹೊಸದನ್ನು ಕಡೆಯಬೇಕು. ಚಕ್ರದ ಅಂಚು ಸವೆದು ಚಪ್ಪಟೆಯಾದರೆ ಲೇತಿಗೆ ಏರಿಸಿ ದುಂಡಗೆ ಮಾಡಬೇಕು. ಅದನ್ನು ಮಾಡದಿದ್ದರೆ ಗಾಡಿ ಓಡುವಾಗ ಡಬ್ ಡಬ್ ಅಂತ ಒಂದೇ ತಾಳದಲ್ಲಿ ಕುಟ್ಟುತ್ತದೆ, ಹಳಿಪಕ್ಕದ ಮನೆಯವರಿಗೆ ಕೇಳಿ. ಮೋಟಾರಿನ ಕಾರ್ಬನ್ ಬ್ರಶ್ಶು, ಟ್ರಾಲಿ ಕಂಬದ ತುದಿ, ಬ್ರೇಕಿನ ಕಟ್ಟು ಎಲ್ಲವೂ ಸವೆಯಲೆಂದೇ ಇರುವ ಭಾಗಗಳು. ಹಳೇ ಗಾಡಿ ಓಡುತ್ತಿದೆ ಅಂದರೆ ಹಿಂದಿನ ರಾತ್ರಿ ಡಿಪೋದಲ್ಲಿ ಯಾರೋ ಅದರ ಕೆಳಗೆ ಮಲಗಿ ಕೈ ಕಪ್ಪು ಮಾಡಿಕೊಂಡಿದ್ದಾರೆ ಅಂತಲೇ ಅರ್ಥ. ಅವರ ಫೋಟೋ ಯಾವ ಕ್ಯಾಲೆಂಡರಿನಲ್ಲೂ ಬಂದಿಲ್ಲ.

ಬಾಲಿಗಂಜ್ ಭಾಗೀರಥಿ

ಮೊದಲ ಸಲ ಬರೀತಿದ್ದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಮ್ಮ ಯಜಮಾನರ ನೌಕರಿಗೆ ಅಂತ ಬಾಲಿಗಂಜಿನಲ್ಲಿ ಇದ್ವಿ. ನಮ್ಮ ಅತ್ತೆಗೆ ಬಂಗಾಳಿ ಬರಲ್ಲ, ಹಿಂದಿ ಬರಲ್ಲ, ಬಸ್ಸು ಹತ್ತೋ ಧೈರ್ಯ ಇಲ್ಲ. ಆದರೆ ಗರಿಯಾಹಾಟಿಂದ 25ನೇ ನಂಬರಲ್ಲಿ ಒಬ್ಬರೇ ಓಡಾಡೋರು. ಹೇಗೆ ಅಂದ್ರೆ, ಟ್ರಾಮು ಎಲ್ಲಿಗೆ ಹೋಗುತ್ತೆ ಅಂತ ಹಳಿಯೇ ಹೇಳುತ್ತಲ್ಲ! 'ಇದು ದಾರಿ ತಪ್ಪಿಸಲ್ಲ ಕಣೇ, ಕಂಬಿ ಇರೋ ಕಡೆಗೇ ಹೋಗುತ್ತೆ, ವಾಪಸು ಬರುವಾಗಲೂ ಅದೇ ಕಂಬಿ ಹಿಡಿದರೆ ಮನೆ' ಅಂತ ಅವರ ಲೆಕ್ಕಾಚಾರ. ಇಳಿಯೋವಾಗ ಅವರು ಎರಡೂ ಕಾಲು ನೆಲಕ್ಕೆ ಊರಿದ ಮೇಲೇ ಕಂಡಕ್ಟರು ಸೂರಿನ ಹಗ್ಗ ಎಳೆದು ಗಂಟೆ ಹೊಡೆಯೋದು. ಬಸ್ಸಲ್ಲಿ ಒಂದು ಕಾಲು ಮೆಟ್ಟಿಲಲ್ಲಿ ಇರುವಾಗಲೇ ಹೊರಟಿರುತ್ತೆ.

ನಮ್ಮ ಮಾತು ಇಷ್ಟೇ. ಮಂಡಿ ನೋವಿರೋರಿಗೆ, ಕೈಮಗು ಇರೋರಿಗೆ, ಭಾಷೆ ಬಾರದೋರಿಗೆ ಊರು ನೋಡೋ ಧೈರ್ಯ ಕೊಟ್ಟಿದ್ದು ಅದು. ಮೆಟ್ರೋ ಬಂತು ಅಂತಾರೆ, ಬರಲಿ, ಬೇಡ ಅಂದೋರ್ಯಾರು. ಮೂರು ಸ್ಟಾಪು ಆಚೆಯ ಔಷಧಿ ಅಂಗಡಿಗೆ ಅಷ್ಟೊಂದು ಮೆಟ್ಟಿಲು ಯಾರು ಇಳೀತಾರೆ?

ರಸ್ತೆ ರಾಜಾರಾಮ

ಭಾಗೀರಥಿ ಅಮ್ಮ, ನಿಮ್ಮ ಅತ್ತೆಯವರ ಎದುರು ವಾದ ಮಾಡ್ಲಿಕ್ಕೆ ನನಗೆ ಧೈರ್ಯ ಇಲ್ಲ.

ಆದರೂ ಒಂದು ಪ್ರಶ್ನೆ ಉಂಟು. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಸಾರಿಗೆ ಮಂತ್ರಿಗಳು ಹೇಳಿದ್ದು ಪೂರ್ತಿ ಮುಚ್ಚುತ್ತೇವೆ ಅಂತ ಅಲ್ಲ. ಊರ ನಡುವಿನ ದೊಡ್ಡ ಬಯಲು ಉಂಟಲ್ಲ, ಮೈದಾನ, ಅಲ್ಲಿಂದ ಎಸ್ಪ್ಲನೇಡ್ ತನಕ ಪಾರಂಪರಿಕ ಓಡಾಟ ಇಟ್ಟುಕೊಂಡು ಉಳಿದದ್ದು ನಿಲ್ಲಿಸ್ತೇವೆ ಅಂತ. ನೋಡ್ಲಿಕ್ಕೆ ಇಷ್ಟ ಇದ್ದವರಿಗೆ ಅದು ಸಾಲದಾ? ಎಸ್ಪ್ಲನೇಡ್ ಡಿಪೋದಲ್ಲಿ 1938ರ ಗಾಡಿಯಲ್ಲಿ ಮ್ಯೂಸಿಯಂ ಉಂಟು, ಚಾ ಕೂಡ ಸಿಗ್ತದೆ. ಗರಿಯಾಹಾಟ್ ಡಿಪೋದಲ್ಲೂ ಹಳೇ ಗಾಡಿಗಳ ಪ್ರದರ್ಶನ ಮಾಡಿದ್ದಾರೆ. ಇನ್ನೆಷ್ಟು ಬೇಕು?

ಶ್ಯಾಮಬಜಾರ್ ಸುಬ್ಬಣ್ಣ

ರಾಜಾರಾಮ, ನೀವು ಕೇಳಿದ್ದು ಒಳ್ಳೆಯದಾಯಿತು, ಈ ಎಳೆ ಹಾಕಿದ್ದೇ ಅದಕ್ಕೆ.

ಮೈದಾನದ ಹಳಿ ನನಗೂ ಇಷ್ಟ. ಖಿದಿರ್‌ಪುರಕ್ಕೆ ಹೋಗುವ 36ನೇ ನಂಬರು ಹುಲ್ಲಿನ ನಡುವೆ, ಮರಗಳ ಕೆಳಗೆ ಹೋಗುತ್ತಿತ್ತು. 2020ರ ಅಂಫಾನ್ ಚಂಡಮಾರುತಕ್ಕೆ ಮರಗಳು ತಂತಿಯ ಮೇಲೆ ಬಿದ್ದು ಅದು ನಿಂತಿತು. ಆದರೆ ಮೈದಾನದಲ್ಲಿ ಮನೆಗಳಿಲ್ಲ, ಶಾಲೆಯಿಲ್ಲ, ಬಜಾರಿಲ್ಲ. ಅಲ್ಲಿ ಒಂದು ಸುತ್ತು ಹಾಕಿಸಿ ಇಳಿಸಿದರೆ ಅದು ಟ್ರಾಮಿನ ಪ್ರದರ್ಶನ. ಮೀನಿನ ಚೀಲದವನು ಅಲ್ಲಿ ಯಾಕೆ ಹತ್ತುತ್ತಾನೆ? ದೀಪ ಕಟ್ಟಿ, ಬಣ್ಣ ಬಳಿದು, ಕೇಕ್ ಕತ್ತರಿಸುವ ಗಾಡಿಗಳ ಮೇಲೆ ನನಗೆ ಸಿಟ್ಟಿಲ್ಲ. 2023ರಲ್ಲಿ 150 ವರ್ಷದ ಸಂಭ್ರಮಕ್ಕೆ ಹಳೇ ಗಾಡಿಗಳ ಮೆರವಣಿಗೆ ಮಾಡಿದಾಗ ಹಾದಿಬದಿಯ ಜನ ಕೈಬೀಸಿದ್ದು ನೋಡಿ ಖುಷಿಯೇ ಆಯಿತು. ಆದರೆ ಹತ್ತು ನಿಮಿಷಕ್ಕೊಂದು ಬರುತ್ತಿದ್ದ ಗಾಡಿ ಮುಕ್ಕಾಲು ಗಂಟೆಗೊಂದಾದರೆ ಯಾರು ಕಾಯುತ್ತಾರೆ? ಕಾಯದಿದ್ದರೆ 'ನೋಡಿ, ಜನರೇ ಹತ್ತುತ್ತಿಲ್ಲ' ಅನ್ನುತ್ತಾರೆ. ಆ ಲೆಕ್ಕದಲ್ಲಿ ಯಾವ ಸೇವೆಯನ್ನಾದರೂ ಮುಚ್ಚಬಹುದು.

ಹಾಗಂತ ಎಲ್ಲ ಮುಗಿದಿಲ್ಲ. ಅಲ್ಲಿನ ಟ್ರಾಮ್ ಬಳಕೆದಾರರ ಸಂಘದವರು ವರ್ಷಗಳಿಂದ ಪತ್ರ ಬರೆಯುತ್ತಾ, ಹಳಿ ಮುಚ್ಚಿದ ಕಡೆಗೆ ಹೋಗಿ ನಿಲ್ಲುತ್ತಾ ಇದ್ದಾರೆ. ವಿಷಯ ಹೈಕೋರ್ಟಿಗೂ ಹೋಗಿ 2023ರಲ್ಲಿ ಸಲಹಾ ಸಮಿತಿ ಮಾಡಿಸುವ ತನಕ ಬಂತು.

ಪುಟ ಮಡಿಸಿದವಳು

ಸುಬ್ಬಣ್ಣ ಸರ್ ಹೇಳಿದ್ದಕ್ಕೆ ಪೂರಕವಾಗಿ. ವಯಸ್ಸಾದ ಗಾಡಿ ಅಂದರೆ ಪ್ರವಾಸಿಗರ ಗಾಡಿ ಆಗಲೇಬೇಕು ಅಂತೇನಿಲ್ಲ. ಇಟಲಿಯ ಮಿಲಾನಿನಲ್ಲಿ 1928ರ ಮಾದರಿಯ ಟ್ರಾಮುಗಳು ಇವತ್ತಿಗೂ ಮಾಮೂಲಿ ನಂಬರಿನ ಮಾರ್ಗದಲ್ಲಿ, ಮಾಮೂಲಿ ಟಿಕೆಟಿಗೆ, ಕಚೇರಿಗೆ ಹೋಗುವವರನ್ನು ಹೊತ್ತು ಓಡುತ್ತವೆ. ಮರದ ಬೆಂಚೂ ಇದೆ. ಅಲ್ಲಿಂದ ಕೆಲವು ಗಾಡಿಗಳು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಅಲ್ಲೂ ಜನರನ್ನು ಹತ್ತಿಸಿಕೊಳ್ಳುತ್ತಿವೆ. ಹಾಂಗ್‌ಕಾಂಗಿನ ಟ್ರಾಮು 1904ರಿಂದ ಓಡುತ್ತಿದೆ, ಈಗಿನವು ಎರಡಂತಸ್ತಿನವು, ಸಂಜೆ ಹತ್ತಲು ಜಾಗ ಸಿಗುವುದಿಲ್ಲ.

ಮೆಲ್ಬರ್ನ್‌ನವರು ಬೇರೆ ದಾರಿ ಹಿಡಿದರು. ಹಳೇ ಡಬ್ಲ್ಯೂ ಮಾದರಿಯವನ್ನು ಊರ ನಡುವಿನ ಪುಕ್ಕಟೆ ಸುತ್ತಿಗೆ ಇಟ್ಟುಕೊಂಡು, ಉಳಿದ ದಾರಿಗಳಿಗೆಲ್ಲ ಹೊಸ ಟ್ರಾಮು ತಂದರು. ಅದೂ ಸರಿಯೇ, ಯಾಕೆಂದರೆ ಹಳಿ ಉಳಿಯಿತು. ಆ ಊರಿಗೂ ಕೋಲ್ಕತ್ತಕ್ಕೂ 1996ರಿಂದ 'ಟ್ರಾಮ್‌ಜಾತ್ರಾ' ಅಂತ ಸ್ನೇಹವಿದೆ. ಎರಡೂ ಊರಿನ ಟ್ರಾಮ್ ಕೆಲಸಗಾರರು, ಕಲಾವಿದರು ಸೇರಿ ಗಾಡಿಗೆ ಚಿತ್ರ ಬರೆದು ಓಡಿಸುತ್ತಾರೆ. ಮೆಲ್ಬರ್ನ್‌ನಿಂದ ಒಬ್ಬರು ಹಳೇ ಕಂಡಕ್ಟರು ತಮ್ಮ ಸಮವಸ್ತ್ರ, ಚರ್ಮದ ಚೀಲ ಸಮೇತ ಬಂದು ಕೋಲ್ಕತ್ತದವರ ಜೊತೆ ನಿಂತು ಚೀಟಿ ಹಂಚುತ್ತಾರೆ. ಸಾಹೇಬ ಕಂಡಕ್ಟರನ್ನು ನೋಡಿ ನಮ್ಮ ಕಾಲೇಜಿನ ಹುಡುಗರು ನಿಲ್ದಾಣ ಬಂದರೂ ಇಳಿಯದೆ ಕೂತಿದ್ದರು.

ರಸ್ತೆ ರಾಜಾರಾಮ

ಹೊಸ ಟ್ರಾಮು, ಬೇರೆ ಪಟ್ಟಿ, ಹತ್ತಲಿಕ್ಕೆ ಕಟ್ಟೆ, ಇಷ್ಟು ಮಾಡ್ತಾರಾದರೆ ನನ್ನ ತಕರಾರು ಅರ್ಧ ಕಡಿಮೆ. ಉಳಿದರ್ಧ ಮೊಣಕಾಲಿನದು, ಅದು ಇರ್ಲಿ.

ಬೋಳು ಬಾಡಿಗೆದಾರ

ಹಿರಿಯರೇ, ಬರುವ ತಿಂಗಳು ಕೆಲಸದ ಮೇಲೆ ಕೋಲ್ಕತ್ತಕ್ಕೆ ಹೋಗುತ್ತಿದ್ದೇನೆ. ಒಂದು ಭಾನುವಾರ ಬಿಡುವಿದೆ. ಎಲ್ಲಿ ಹತ್ತಬೇಕು, ಎಲ್ಲಿ ಕೂರಬೇಕು?

ಮೋಟಾರ್ ಮಾಲತಿ

ಭಾನುವಾರ ಬೇಡಪ್ಪಾ. ಕೆಲಸದ ದಿನ ಬೆಳಿಗ್ಗೆ ಒಂದು ಗಂಟೆ ಹೇಗಾದರೂ ಹೊಂದಿಸಿಕೊ. ಭಾನುವಾರ ನಿನ್ನ ಹಾಗೆ ನೋಡಲು ಬಂದವರೇ ತುಂಬಿರುತ್ತಾರೆ. ಧರ್ಮತಲಾ ಡಿಪೋಗೆ ನೇರ ಹೋಗಿ ಇವತ್ತು ಯಾವುದು ಓಡುತ್ತಿದೆ ಅಂತ ಅಲ್ಲಿನವರನ್ನೇ ಕೇಳು. ಫೋನಿನ ನಕ್ಷೆಯನ್ನು ನಂಬಬೇಡ, ನಿನ್ನೆ ಇದ್ದ ದಾರಿ ಇವತ್ತು ರಸ್ತೆ ಅಗೆದಿದ್ದಾರೆ ಅಂತ ಮೊಟಕಾಗಿರುತ್ತದೆ. 25 ಸಿಕ್ಕರೆ ಹತ್ತು, ಅದು ನೋನಾಪುಕುರದ ಬಾಗಿಲ ಮುಂದೆಯೇ ಹೋಗುತ್ತದೆ. ಮುಂದಿನ ಡಬ್ಬಿಯಲ್ಲಿ ಡ್ರೈವರ್ ಹಿಂದೆ ನಿಂತು ಕೈ ನೋಡು. ಮಾತಾಡಿಸಬೇಡ, ಅವರ ಗಮನವೆಲ್ಲ ಹಳಿಗೆ ಅಡ್ಡ ನಿಲ್ಲಿಸಿದ ಸ್ಕೂಟರುಗಳ ಮೇಲಿರುತ್ತದೆ.

ಬಾಲಿಗಂಜ್ ಭಾಗೀರಥಿ

ಎಡಗಡೆ ನೋಡ್ಕೊಂಡು ಇಳೀರಿ ಅಣ್ಣಾ. ಟ್ರಾಮು ನಿಂತಿದೆ ಅಂತ ಬಸ್ಸಿನವನು ನಿಲ್ಲಲ್ಲ.

ಕಲ್ಕತ್ತಾ ಕಾಕಾ

ತಮ್ಮಾ, ಚಿಲ್ಲರೆ ಇಟ್ಟಕೊಂಡ ಹೋಗು. ಈಚೀಚೆಗೆ ಟಿಕೆಟು ಏಳು ರೂಪಾಯಿ ಇತ್ತು. ಐನೂರರ ನೋಟು ತಗದಿ ಅಂದ್ರ ಕಂಡಕ್ಟರಷ್ಟ ಅಲ್ಲ, ಇಡೀ ಡಬ್ಬಿ ನಿನಗ ಅರ್ಥಶಾಸ್ತ್ರ ಕಲಿಸಿ ಕಳಸತದ. ಅದನ್ನೂ ಕೇಳಬೇಕು ಅಂತಿದ್ರ ನೋಟು ಒಯ್ಯಿ, ನಾ ಬ್ಯಾಡ ಅನ್ನಂಗಿಲ್ಲ.